ಮೂಗಿಗೆ ಚುಚ್ಚಿದರೆ ಕಣ್ಣು ಯಾಕೆ ಹೋಗುತ್ತದೆ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: 'ತಂಗಿಯ ಮದುವೆ ಹತ್ತಿರ ಬಂತು. ಮೂಗು ಸ್ವಲ್ಪ ಎದ್ದು ಕಾಣಲಿ ಅಂತ ಫಿಲ್ಲರ್ (ಚರ್ಮದಡಿ ಚುಚ್ಚಿ ತುಂಬುವ ಜೆಲ್) ಹಾಕಿಸಿಕೊಳ್ಳುತ್ತಾಳಂತೆ. ಪಾರ್ಲರ್‌ನಲ್ಲೇ ಚುಚ್ಚುತ್ತಾರೆ. ಇದರಿಂದ ಕಣ್ಣೇ ಹೋಗಬಹುದು ಎಂದು ಯಾರೋ ಅಂದರು. ಸುಮ್ನೆ ಹೆದರಿಸ್ತಿದ್ದಾರಾ?'

ಇಲ್ಲ ಅಮ್ಮ, ಅವರು ಹೇಳಿದ್ದು ನಿಜ. ತುಂಬಾ ಅಪರೂಪ, ಆದರೆ ಒಮ್ಮೆ ಹಾಗಾಯಿತೆಂದರೆ ಬಹುಪಾಲು ಸರಿಹೋಗುವುದಿಲ್ಲ.

ಮೂಗಿನ ಮೇಲ್ಭಾಗ, ಹುಬ್ಬುಗಳ ನಡುವಿನ ಜಾಗ, ಹಣೆ, ಇಲ್ಲಿನ ಸಣ್ಣ ನಾಳಗಳಿಗೂ ಕಣ್ಣಿಗೆ ರಕ್ತ ಕೊಡುವ ನಾಳಕ್ಕೂ ನೇರ ನಂಟಿದೆ. ಸೂಜಿಯ ತುದಿ ಗೊತ್ತಿಲ್ಲದೆ ಅಂಥ ನಾಳದೊಳಗೆ ಹೊಕ್ಕರೆ, ಸಿರಿಂಜ್ ಒತ್ತಿದಾಗ ಜೆಲ್ ರಕ್ತಕ್ಕೆ ಎದುರಾಗಿ ಹಿಂದಕ್ಕೆ ನುಗ್ಗುತ್ತದೆ. ಒತ್ತುವುದು ನಿಂತ ಕೂಡಲೇ ರಕ್ತ ಅದನ್ನು ಮುಂದಕ್ಕೆ ತಳ್ಳುತ್ತದೆ. ಆಗ ಅದು ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರ) ನಾಳಕ್ಕೆ ಹೋಗಿ ಕೂತುಬಿಡುತ್ತದೆ. ಜಾಸ್ತಿ ಜೆಲ್ ಏನೂ ಬೇಕಿಲ್ಲ. ಹುಬ್ಬಿನ ಬಳಿಯಿಂದ ರೆಟಿನಾದ ಕವಲಿನವರೆಗೆ ಆ ನಾಳ ಹಿಡಿಸುವುದು ಸರಾಸರಿ 0.1 ಮಿ.ಲೀ.ಗೂ ಕಡಿಮೆ. ಒಂದು ಸಿರಿಂಜ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ. ಇರುತ್ತದೆ.

2015ರಲ್ಲಿ ವೈದ್ಯರು, ಹೀಗೆ ದೃಷ್ಟಿಗೆ ತೊಂದರೆಯಾಗಿ ಅಲ್ಲಿಯವರೆಗೆ ವರದಿಯಾದ 98 ಪ್ರಕರಣಗಳನ್ನು ಒಟ್ಟುಹಾಕಿ ನೋಡಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟದ್ದೂ ಅದೇ ವರ್ಷ. 2019ರಲ್ಲಿ ಇನ್ನೂ 48 ಪ್ರಕರಣ ಸೇರಿದವು. ಆ 48ರಲ್ಲಿ ಅರ್ಧಕ್ಕಿಂತ ಹೆಚ್ಚು ಮೂಗಿನವೇ. ನಿಮ್ಮ ತಂಗಿ ಆರಿಸಿಕೊಂಡಿರುವ ಜಾಗವೇ ಅದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

'ಏನಾದ್ರೂ ಆದ್ರೆ ಕರಗಿಸ್ತೀವಿ ಮೇಡಂ' ಅನ್ನುತ್ತಾರೆ. ಹಯಲುರಾನಿಕ್ ಆಸಿಡ್‌ನ ಜೆಲ್ ಕರಗಿಸುವ ಹಯಲುರಾನಿಡೇಸ್ ಎಂಬ ಔಷಧ ಇದೆ, ನಿಜ. ಕ್ಯಾಲ್ಸಿಯಂ ಇರುವ ಫಿಲ್ಲರ್‌ಗಳನ್ನು ಅದು ಕರಗಿಸುವುದಿಲ್ಲ. ಮೇಲಾಗಿ ರಕ್ತ ನಿಂತರೆ ರೆಟಿನಾ ಹೆಚ್ಚು ಹೊತ್ತು ತಾಳುವುದಿಲ್ಲ. ಒಂದೂವರೆ ಗಂಟೆಯೊಳಗೆ ಆಗುವ ಹಾನಿ ಆಗಿಹೋಗಿರುತ್ತದೆ. ಔಷಧ ಕೊಟ್ಟ ಮೇಲೂ ದೃಷ್ಟಿ ಬಾರದವರೇ ಹೆಚ್ಚು.

ಚೆನ್ನಾಗಿ ಕಾಣಬೇಕು ಎಂಬ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಪಾರ್ಲರ್‌ನಲ್ಲಿ ಮಾತ್ರ ಬೇಡವೇ ಬೇಡ. ಮೂಗಿಗಂತೂ ಬೇಡ ಎಂದೇ ನನ್ನ ಸಲಹೆ. ಹಟ ಬಿಡದಿದ್ದರೆ ಚರ್ಮರೋಗ ತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗಲಿ. ಕ್ಲಿನಿಕ್‌ನ ಗೋಡೆಯ ಮೇಲೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇದೆಯಾ ನೋಡಿ. ಯಾವ ಫಿಲ್ಲರ್, ಕರಗಿಸುವ ಔಷಧ ಈಗಲೇ ಇಲ್ಲಿದೆಯಾ, ತೊಂದರೆಯಾದರೆ ಯಾವ ಕಣ್ಣಿನ ಆಸ್ಪತ್ರೆಗೆ ಕಳಿಸುತ್ತೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ, ಅಡ್ವಾನ್ಸ್ ಹೋದರೆ ಹೋಗಲಿ.

ಚುಚ್ಚುವಾಗಲೇ ಒಂದು ಕಣ್ಣು ಕತ್ತಲಾದರೆ, ಕಣ್ಣಿನ ಸುತ್ತ ಜೋರು ನೋವು ಬಂದರೆ, ರೆಪ್ಪೆ ಜೋತರೆ, ಚರ್ಮ ಬಿಳಚಿಕೊಂಡರೆ ಅಲ್ಲಿಗೇ ನಿಲ್ಲಿಸಬೇಕು. 'ಸ್ವಲ್ಪ ಮಲಗಿ, ಸರಿಹೋಗುತ್ತೆ' ಅನ್ನುವ ಮಾತು ಕೇಳಬೇಡಿ. ಸಿರಿಂಜ್‌ನ ಡಬ್ಬಿ ಕೈಲಿ ಹಿಡಿದು ಸೀದಾ ಕಣ್ಣಿನ ತುರ್ತು ವಿಭಾಗಕ್ಕೆ ಹೋಗಿ, ಯಾವ ಜೆಲ್ ಎಂದು ವೈದ್ಯರಿಗೆ ತೋರಿಸಿ.