ನಿಮ್ಮ ಸಿಪಾಯಿ ಕತೆ ಓದಿದೆ

ನಮಸ್ಕಾರ. ಕತೆ ಎರಡು ಸಲ ಓದಿದೆ, ಎರಡನೇ ಸಲ ರಾತ್ರಿ ಓದಿ ನಿದ್ದೆ ಹತ್ತಲಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರ ಜನವರೀಲಿ, ಸಂಬಳ ಸಿಗದೆ ದಂಗೆ ಎದ್ದ ನ್ಯೂಜೆರ್ಸಿ ಸಿಪಾಯಿಗಳ ಬಗ್ಗೆ ಬರೆಯೋಕೆ ಹೊರಟಿದ್ದೀರಲ್ಲ, ಸಂತೋಷ. ಭಾಷೆ ಚೆನ್ನಾಗಿದೆ. ಆದ್ರೆ ಎರಡು ಕಡೆ ನಿಜವಾಗ್ಲೂ ಸಿಟ್ಟು ಬಂತು, ಅದನ್ನಷ್ಟೇ ಹೇಳ್ತೀನಿ.

ನಾಲ್ಕನೇ ಪುಟ. "ವರ್ಷದಿಂದ ಸಂಬಳವಿರಲಿಲ್ಲ, ಆದರೂ ಸ್ವಾತಂತ್ರ್ಯದ ಕನಸೇ ಹೊಟ್ಟೆ ತುಂಬಿಸುತ್ತಿತ್ತು." ತುಂಬಿಸ್ತಿರಲಿಲ್ಲ ರೀ, ತುಂಬಿಸಿದ್ರೆ ಅವರು ಯಾಕೆ ದಂಗೆ ಏಳ್ತಿದ್ರು? ಸಾಮಾನ್ಯ ಸಿಪಾಯಿ ಸಂಬಳ ತಿಂಗಳಿಗೆ 6 ಡಾಲರ್ ಚಿಲ್ಲರೆ, ಕಾಗದದ ನೋಟಲ್ಲಿ. 1780ರ ಮಾರ್ಚಲ್ಲಿ ಅವರ ಆಡಳಿತ ಸಭೆ ಕಾಂಗ್ರೆಸ್ಸೇ 40 ಕಾಗದದ ಡಾಲರಿಗೆ 1 ಬೆಳ್ಳಿ ಡಾಲರ್ ಅಂತ ಒಪ್ಪಿಕೊಳ್ತು. ಅಂದ್ರೆ ಆರು ತಿಂಗಳು ಹಿಮದಲ್ಲಿ ಕಾವಲು ನಿಂತ್ರೆ ಒಂದು ಬೆಳ್ಳಿ ಡಾಲರ್, ಅದೂ ಕೈಗೆ ಬಂದ್ರೆ.

ಅದರ ಕೆಳಗೇ ಮಗು ತೀರಿಹೋಯ್ತು ಅಂತ ಮನೆಯಿಂದ ಕಾಗದ ಬರುತ್ತೆ, ನೀವು "ಕಂಬನಿಯ ಕಡಲು ಉಕ್ಕಿತು, ಚಂದ್ರನೂ ಮೋಡದ ಮರೆಗೆ ಸರಿದ" ಅಂತೀರಿ. ಚಂದ್ರನ್ನ ತೆಗೀರಿ. ಆ ಕಾಗದದಲ್ಲಿ ಹೆಂಡತಿ ದುಡ್ಡು ಕೇಳಲ್ವಾ? ಮಗು ಕಾಯಿಲೆಯಾಗಿ ಮಲಗಿದ್ದಾಗ ಯಾರ ಹತ್ರ ಸಾಲ ಮಾಡಿದ್ಲು? ಅವನು ಏನಂತ ಉತ್ತರ ಬರೀತಾನೆ?

ನಾನು ಇಪ್ಪತ್ತೆರಡನೇ ವಯಸ್ಸಲ್ಲಿ ಒಂದು ಸಣ್ಣ ವಾರಪತ್ರಿಕೆಲಿ ಪ್ರೂಫ್ ನೋಡ್ತಿದ್ದೆ, ಮೂರು ತಿಂಗಳಿಂದ ಸಂಬಳ ಇಲ್ಲ. ಅಜ್ಜಿ ಹೋದ್ರು ಅಂತ ಫೋನ್ ಬಂದಾಗ ನನಗೆ ಮೊದಲು ಅಳು ಬರಲಿಲ್ಲ, ಬಸ್ ಚಾರ್ಜಿಗೆ ಏನು ಮಾಡೋದು ಅನ್ನೋ ಯೋಚನೆ ಬಂತು. ರೂಮ್‌ಮೇಟ್ ತನ್ನ ಮೆಸ್ ದುಡ್ಡು ಕೊಟ್ಟ, ಆ ತಿಂಗಳು ಅವನು ಒಂದೇ ಹೊತ್ತು ಊಟ ಮಾಡಿದ್ದು ನನಗೆ ಆಮೇಲೆ ಗೊತ್ತಾಯ್ತು. ಅದರ ಮೇಲೆ ಕತೆ ಬರೆದಾಗ ನಾನೂ ಮಳೆ, ದೀಪ, ಕತ್ತಲೆ ಎಲ್ಲ ತುಂಬಿದ್ದೆ. ಆಫೀಸಲ್ಲಿದ್ದ ಹಿರಿಯರೊಬ್ಬರಿಗೆ ನಡೆದಿದ್ದೆಲ್ಲ ಗೊತ್ತಿತ್ತು, ಓದಿ ಪುಟಗಟ್ಟಲೆ ಹೊಡೆದುಹಾಕಿ "ಮೆಸ್ ದುಡ್ಡು ಎಲ್ಲಪ್ಪಾ?" ಅಂದ್ರು. ನಾಚಿಕೆಗೆ ನಾನು ಅದನ್ನೇ ಬಿಟ್ಟಿದ್ದೆ.

ಇನ್ನು ಕೊನೇ ಪುಟ. "ಗೆಳೆಯನ ಗುಂಡೇ ಅವನ ಎದೆ ಸೀಳಿತು." ಒಂದೇ ಸಾಲು! ಜನವರಿ 27, ನ್ಯೂಜೆರ್ಸಿಯ ಪಾಂಪ್ಟನ್. ದಂಗೆ ಅಡಗಿಸಿದ ಮೇಲೆ ಅದರ ಮುಂದಾಳುಗಳಲ್ಲಿ ಇಬ್ಬರನ್ನ ಗುಂಡಿಟ್ಟು ಕೊಲ್ಲೋಕೆ ಸೈನ್ಯ ಆರಿಸಿದ್ದು ಅವರ ಜೊತೆಗೇ ದಂಗೆ ಎದ್ದಿದ್ದ 12 ಜನರನ್ನ, ಬಂದೂಕು ತುಂಬಿ ಅಂದಾಗ ಅವರಲ್ಲಿ ಕೆಲವರು ಅತ್ತರಂತೆ, ಸೈನ್ಯದ ಡಾಕ್ಟರೊಬ್ಬರು ದಿನಚರೀಲಿ ಬರೆದಿಟ್ಟಿದ್ದಾರೆ. ಆಗಿನ ಬಂದೂಕು ತುಂಬೋದು ಅಂದ್ರೆ ತೋಟಾ ಹಲ್ಲಲ್ಲಿ ಕಚ್ಚಿ ಹರೀಬೇಕು, ಮದ್ದು ಸುರೀಬೇಕು, ಸರಳು ಹಾಕಿ ತಳ್ಳಬೇಕು. ಅಷ್ಟೂ ಹೊತ್ತು ಗೆಳೆಯ ಎದುರಿಗೇ ಮಂಡಿಯೂರಿದ್ದಾನೆ. ಬಾಯಲ್ಲಿ ಮದ್ದಿನ ರುಚಿ ಇದೆ. ಅದನ್ನ ಬರೀರಿ, ಎರಡು ಪುಟ ಆದ್ರೂ ಪರವಾಗಿಲ್ಲ.

ಕಾಗದದ ಭಾಗ, ಈ ಭಾಗ, ಎರಡನ್ನೇ ಮೊದಲು ಕಳಿಸಿ. ಮುಂದಿನ ಸಂಚಿಕೇಲಿ ಜಾಗ ಇಟ್ಟಿರ್ತೀನಿ.