ಕೆರೆಯ ಮೀನೂ ಬೆಳೆಯೇ

ಯಾದಗಿರಿಯ ಓದುಗರೊಬ್ಬರ ಪತ್ರ: "ಈ ಮಳೆಗಾಲ ನಮ್ಮೂರ ಕೆರೆಗೆ ಮೀನುಮರಿ ಬಿಟ್ಟರು. ಅಂದಿನಿಂದ ಭಾನುವಾರ ಗಾಳ ಹಿಡಿದು ಕೂತರೆ ಮೀನುಗಾರರ ಸಂಘದವರು ಎಬ್ಬಿಸಿ ಕಳಿಸುತ್ತಾರೆ. ಕೆರೆ ಊರಿನದಲ್ಲವೇ? ಒಂದು ಗಾಳಕ್ಕೆ ಎಷ್ಟು ಮೀನು ಹೋದೀತು?"

ಬೆಂಡು ಮುಳುಗಿದಾಗ ಎದೆ ಝಲ್ಲೆನ್ನುವ ಸುಖ ನನಗೂ ಗೊತ್ತು. ಆದರೂ ಈ ಜಗಳದಲ್ಲಿ ನಾನು ಸಂಘದವರ ಕಡೆ.

ಕೆರೆಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆಯೇ ಬೇಕು. ಮೊದಲೆಲ್ಲ ಮರಿಯನ್ನು ನದಿಯಿಂದಲೇ ಸೋಸಿ ತರುತ್ತಿದ್ದರು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಇವುಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಕೃಷಿಕರು ಎಂಬ ಮಾತನ್ನು ಗಮನಿಸಿ. ನಿಮ್ಮ ಕೆರೆಯಲ್ಲಿ ಬಿಟ್ಟಷ್ಟೇ ಮೀನು. ನೀವು ಎತ್ತಿದ್ದರ ಜಾಗ ತುಂಬಬೇಕಾದರೆ ಮುಂದಿನ ಮಳೆ ಬರಬೇಕು, ಮತ್ತೆ ಯಾರೋ ರೊಕ್ಕ ಹಾಕಬೇಕು.

ಒಮ್ಮೆ ಮರಿ ಬಿಡುವುದನ್ನು ನೋಡಲು ಏರಿಯ ಮೇಲೆ ನಿಂತಿದ್ದೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬೆರಳುದ್ದದ ಮರಿಗಳು. ಬಿಚ್ಚಿ ಸುರಿಯಬಾರದೇ ಎಂದು ಅವಸರಪಟ್ಟೆ. ಮೊಣಕಾಲುದ್ದ ನೀರಿಗಿಳಿದಿದ್ದ ಮುದುಕ ಚೀಲಗಳನ್ನು ಹಾಗೇ ತೇಲಿಬಿಟ್ಟು, "ತಡೀರಿ ಸಾಹೇಬ್ರ, ಚೀಲದಾಗಿನ ನೀರಿನ ಬಿಸಿ, ಕೆರೀ ನೀರಿನ ಬಿಸಿ ಒಂದಾಗ್ಲಿ. ಇಲ್ಲಂದ್ರ ಮರಿ ತಡ್ಕೊಳ್ಳಂಗಿಲ್ಲ" ಅಂದ. ಅರ್ಧ ಗಂಟೆ ಬಾಗಿಯೇ ನಿಂತಿದ್ದ. ಆಮೇಲೆ ಒಂದೊಂದೇ ಚೀಲದ ಬಾಯಿ ಬಿಚ್ಚಿ, ಕೆರೆಯ ನೀರು ಒಳಗೆ ಬಿಟ್ಟುಕೊಂಡು, ಮರಿಗಳು ತಾವಾಗಿ ಹೊರಗೆ ಈಜುವವರೆಗೂ ಕಾದ.

ನಮ್ಮ ಬಿಸಿಲು ನಿಮಗೆ ಗೊತ್ತಿರುವುದೇ. ಸಣ್ಣ ಕೆರೆಗಳು ಏಪ್ರಿಲ್ ಹೊತ್ತಿಗೆ ತಳ ಕಾಣುತ್ತವೆ. ಅಷ್ಟರೊಳಗೆ ಮೀನು ಬಲಿತು, ಬಲೆಗೆ ಬಂದು, ಸಂಘದವರು ಕೆರೆಯ ಗುತ್ತಿಗೆಗೆ ಹಾಕಿದ ರೊಕ್ಕ ಹುಟ್ಟಬೇಕು.

ಬೇರೆಯವರ ತೊಗರಿ ಹೊಲಕ್ಕೆ ಹೊಕ್ಕು ಕಾಯಿ ಕಿತ್ತರೆ ಕಳವು ಅಂತೀವಿ. ನೀರಿನಲ್ಲಿರುವ ಬೆಳೆಗೆ ಮಾತ್ರ ಹವ್ಯಾಸ ಅಂತ ಹೆಸರಿಡುತ್ತೀವಿ. ಕಾಯಕದ ಮಾತು ಬೆಳೆದ ಕಲ್ಯಾಣದ ನೆಲ ಇದು. ಅಂಬಿಗರ ಚೌಡಯ್ಯನ ಜಯಂತಿಗೆ ಹಾರ ಹಾಕುತ್ತೇವೆ, ಮರುದಿನ ಅವನಂತೆ ನೀರನ್ನೇ ನಂಬಿದ ಮೀನುಗಾರನ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಅವನ ಕೆರೆಗೇ ಊರಿನ ಚರಂಡಿ ತಿರುಗಿಸುತ್ತೇವೆ. ಆಗ ಯಾರೂ ಕೆರೆ ಊರಿನದು ಎಂದು ಪತ್ರ ಬರೆದದ್ದು ನನಗೆ ನೆನಪಿಲ್ಲ.

ನೀವು ಬರೆದಿರಿ, ಸಂತೋಷ. ಮುಂದಿನ ಭಾನುವಾರ ಗಾಳ ಮನೆಯಲ್ಲಿಟ್ಟು ಸಂಘದವರ ಹತ್ತಿರ ಹೋಗಿ. ಬಲೆ ಎಳೆಯುವ ದಿನ ಯಾವುದು ಎಂದು ಕೇಳಿ. ಹಗ್ಗ ಹಿಡಿಯಲು ಜನ ಬೇಕಾಗಿರುತ್ತಾರೆ.