ಲೆಕ್ಕ ಸರಿ ಇದ್ದರೂ ಆಕ್ಷೇಪಣೆ ಏಕೆ? ಮಾನವಿಕ ವಿಭಾಗಗಳ ಹಣಕಾಸು: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಧಾರವಾಡದಲ್ಲಿ ಇತಿಹಾಸ ವಿಭಾಗವೊಂದರ ಅಧ್ಯಕ್ಷೆಯಾಗಿದ್ದೇನೆ. ಫೆಬ್ರುವರಿಯಲ್ಲಿ ಎರಡು ದಿನದ ವಿಚಾರಸಂಕಿರಣ ಮಾಡಿದೆವು. ಮಂಜೂರಾದದ್ದು 1,50,000 ರೂಪಾಯಿ, ಅದರಲ್ಲಿ 1,20,000 ನನ್ನ ಹೆಸರಿನಲ್ಲಿ ಮುಂಗಡ ಪಡೆದೆ. ಖರ್ಚು 1,44,000 ಆಯಿತು. 80 ಜನ ತಲಾ 500 ರೂಪಾಯಿ ನೋಂದಣಿ ಶುಲ್ಕ ಕೊಟ್ಟಿದ್ದರಿಂದ ಮೇಲಿನ 24,000 ಅದರಲ್ಲೇ ತೂಗಿಸಿದೆವು. ಎಲ್ಲಕ್ಕೂ ಚೀಟಿ ಇದೆ. ಆದರೂ ಹೊಂದಾಣಿಕೆ ಬಿಲ್ಲು, ಅಂದರೆ ಮುಂಗಡದ ಲೆಕ್ಕ, ಹಣಕಾಸು ಶಾಖೆಯಿಂದ ಎರಡು ಸಲ ವಾಪಸು ಬಂದಿದೆ. ಖಾನಾವಳಿ ಬಿಲ್ಲಿಗೆ ಜಿಎಸ್‌ಟಿ ಇಲ್ಲ, ಊಟದ ಬಾಬ್ತು ಮೀರಿದೆ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ಮೇಡಂ, ಶಾಖೆಯವರು ಎತ್ತಿದ ಎರಡು ಮಾತಿಗಿಂತ ಅವರು ಇನ್ನೂ ಎತ್ತದ ಮೂರನೆಯದು ಹೆಚ್ಚು ತೊಡಕಿನದು. ಅದು ನೋಂದಣಿ ಶುಲ್ಕ. ಸಾರ್ವಜನಿಕ ಲೆಕ್ಕದಲ್ಲಿ ಬಂದ ಹಣ ಮೊದಲು ಪೂರ್ತಿಯಾಗಿ ಸಂಸ್ಥೆಯ ಖಾತೆಗೆ ಹೋಗಬೇಕು. ಖರ್ಚಿನ ಹಣ ಮಂಜೂರಾತಿಯ ಮೇಲೆ ಅಲ್ಲಿಂದ ಹೊರಬರಬೇಕು. ಕೈಗೆ ಬಂದ ಶುಲ್ಕದಿಂದಲೇ ಖರ್ಚು ಮಾಡಿದರೆ ಜಮಾ ಪುಸ್ತಕದಲ್ಲಿ 40,000 ಎಲ್ಲೂ ಕಾಣುವುದಿಲ್ಲ. ನಿಮ್ಮಲ್ಲಿ ಉಳಿದ 16,000 ರೂಪಾಯಿಯನ್ನು ನಾಳೆಯೇ ಚಲನ್ ಮೂಲಕ ತುಂಬಿ. ಬಳಿಕ 80 ರಸೀದಿಗಳ ಪಟ್ಟಿ ಲಗತ್ತಿಸಿ, 40,000 ಜಮಾ ಮತ್ತು ಅದರಿಂದ ಆದ 24,000 ವೆಚ್ಚ ಎರಡನ್ನೂ ಬೇರೆ ಬೇರೆ ತೋರಿಸಿ, ಕುಲಸಚಿವರಿಗೆ ಘಟನೋತ್ತರ ಅನುಮೋದನೆ ಕೋರಿ ಟಿಪ್ಪಣಿ ಬರೆಯಿರಿ. ಅನುದಾನದ ಆದೇಶದ ಷರತ್ತನ್ನೂ ಒಮ್ಮೆ ಓದಿ. ಶುಲ್ಕದ ಆದಾಯ ಕಳೆದು ಉಳಿದ ವೆಚ್ಚವನ್ನಷ್ಟೇ ಭರಿಸುತ್ತೇವೆ ಎಂದು ಅನುದಾನ ಕೊಟ್ಟವರು ಹೇಳಿದ್ದರೆ ನಿಮ್ಮ ಲೆಕ್ಕವೇ ಬದಲಾಗುತ್ತದೆ.

ಇನ್ನು ಖಾನಾವಳಿ ಬಿಲ್ಲು. ಜಿಎಸ್‌ಟಿ ಇಲ್ಲ ಎಂಬ ಒಂದೇ ಕಾರಣಕ್ಕೆ ಬಿಲ್ಲು ಅಸಿಂಧುವಾಗುವುದಿಲ್ಲ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ರೊಟ್ಟಿ ಊಟ ಕಳಿಸುವ ಸಣ್ಣ ಖಾನಾವಳಿಗಳು ಈ ಮಿತಿಯೊಳಗೆ ಇರಬಹುದು. ಅವರ ಬಿಲ್ಲಿನಲ್ಲಿ ಹೆಸರು, ವಿಳಾಸ, ಕ್ರಮಸಂಖ್ಯೆ, ದಿನಾಂಕ, ಊಟದ ಸಂಖ್ಯೆ, ದರ, ಸಹಿ ಇರಲಿ. ನೋಂದಣಿ ಮಿತಿಯೊಳಗೆ ಇದ್ದೇವೆ ಎಂದು ಒಂದು ಸಾಲಿನ ಘೋಷಣೆ ಬರೆಸಿ. ಕಾಂಪೋಸಿಷನ್ ಯೋಜನೆಯಲ್ಲಿರುವ (ಸಣ್ಣ ವ್ಯಾಪಾರಿಗಳಿಗಿರುವ ಸರಳ ಜಿಎಸ್‌ಟಿ ವ್ಯವಸ್ಥೆ) ಹೋಟೆಲಾದರೆ ನೋಂದಣಿ ಸಂಖ್ಯೆ ಇರುತ್ತದೆ, ಆದರೆ ತೆರಿಗೆ ಬೇರೆಯಾಗಿ ಹಾಕುವಂತಿಲ್ಲ. ನಿಜವಾಗಿ ತಿರಸ್ಕರಿಸಬೇಕಾದದ್ದು ನೋಂದಣಿ ಸಂಖ್ಯೆಯೇ ಇಲ್ಲದೆ ಶೇ. 5 ತೆರಿಗೆ ಸೇರಿಸಿದ ಚೀಟಿ.

ಊಟದ ಬಾಬ್ತಿಗೆ ಬರೋಣ. ನೀವು ಕಳಿಸಿದ ವಿವರದಲ್ಲಿ ಊಟ, ಉಪಾಹಾರಕ್ಕೆ ಮಂಜೂರಾದದ್ದು 45,000, ಖರ್ಚು 58,000. ಪ್ರಯಾಣ ಭತ್ಯೆಯಲ್ಲಿ 50,000ಕ್ಕೆ 34,000 ಮಾತ್ರ ಖರ್ಚು. ಒಟ್ಟು ಮೊತ್ತ ಮಿತಿಯೊಳಗೆ ಇದ್ದರೂ ಒಂದು ಬಾಬ್ತಿನ ಉಳಿತಾಯ ಇನ್ನೊಂದಕ್ಕೆ ತಾನಾಗಿ ಹರಿಯುವುದಿಲ್ಲ. 13,000ಕ್ಕೆ ಮರುಹಂಚಿಕೆ ಆದೇಶ ಬೇಕು. ಖರ್ಚಿಗೆ ಮೊದಲೇ ಕೇಳಿದ್ದರೆ ಅರ್ಧ ಪುಟದ ಕೆಲಸ. ಈಗ ಕಾರಣ ಸಹಿತ ಕೇಳಬೇಕು, ಆ ಕಾರಣ ಅಂಕಿಗಳಲ್ಲಿ ನಿಲ್ಲಬೇಕು. ಲೆಕ್ಕಪರಿಶೋಧಕರು ಹೀಗೆ ಎಣಿಸುತ್ತಾರೆ: ಹಾಜರಿ ಪಟ್ಟಿಯಲ್ಲಿ ಪ್ರತಿನಿಧಿಗಳು 80, ಸಂಪನ್ಮೂಲ ವ್ಯಕ್ತಿಗಳು 15, ಸ್ವಯಂಸೇವಕ ವಿದ್ಯಾರ್ಥಿಗಳು 20. ಒಟ್ಟು 115, ಎರಡು ದಿನಕ್ಕೆ 230 ಊಟ. ನಿಮ್ಮ ಬಿಲ್ಲಿನಲ್ಲಿ 150 ರೂಪಾಯಿಯಂತೆ 260 ಊಟ. ಹೆಚ್ಚಿನ 30 ಎಲೆಗೆ, ಅಂದರೆ 4,500 ರೂಪಾಯಿಗೆ, ಉಂಡವರು ಯಾರು? ಉದ್ಘಾಟನೆಗೆ ಬಂದ ಅತಿಥಿಗಳು, ವಾಹನ ಚಾಲಕರು, ವಿಭಾಗದ ಸಿಬ್ಬಂದಿ ಇದ್ದರೆ ಅವರ ಪಟ್ಟಿ ಸೇರಿಸಿ. ಇರದಿದ್ದರೆ ಆ ಮೊತ್ತ ವಸೂಲಿಯಾಗುವುದು ನ್ಯಾಯವೇ. ಮುಂದಿನ ಸಲ ಊಟಕ್ಕೆ ಕೂಪನ್ ಮಾಡಿ, ಖಾನಾವಳಿಯವರು ಮರಳಿಸಿದ ಕೂಪನ್ ಎಣಿಸಿಯೇ ಬಿಲ್ಲಿಗೆ ಸಹಿ ಹಾಕಿ.

ಕೊನೆಯದಾಗಿ ದಿನಾಂಕ. ವಿಭಾಗಗಳ ಆಕ್ಷೇಪಣೆಗಳನ್ನು ಓದುತ್ತ ಹೋದರೆ ಹಣ ತಪ್ಪಿದ್ದಕ್ಕಿಂತ ಕ್ರಮ ತಪ್ಪಿದ್ದೇ ಕಾಣುತ್ತದೆ. ಅನುಮೋದನೆ, ದರಪಟ್ಟಿ, ಆದೇಶ, ಸರಕು ಬಂದ ದಿನ, ದಾಸ್ತಾನು ವಹಿಯ ನಮೂದು, ಬಿಲ್ಲು, ಪಾವತಿ: ಕಡತದಲ್ಲಿ ದಿನಾಂಕಗಳು ಇದೇ ಕ್ರಮದಲ್ಲಿ ಇಳಿಯಬೇಕು. ನಿಮ್ಮ ಫ್ಲೆಕ್ಸಿನ ಬಿಲ್ಲು ಫೆಬ್ರುವರಿ 10ರದ್ದು, ದರಪಟ್ಟಿ ಫೆಬ್ರುವರಿ 14ರದ್ದು. ದಯವಿಟ್ಟು ಅದನ್ನು ತಿದ್ದಿಸಬೇಡಿ, ಹಿಂದಿನ ತಾರೀಖಿನ ಹೊಸ ಚೀಟಿಯನ್ನೂ ತರಿಸಬೇಡಿ. ವಿಳಂಬ ಕ್ಷಮಿಸಬಹುದಾದ ದೋಷ, ತಿದ್ದಿದ ದಿನಾಂಕ ಶಿಸ್ತುಕ್ರಮದ ವಿಷಯ. ಆದದ್ದನ್ನು ಆದಂತೆ ಟಿಪ್ಪಣಿಯಲ್ಲಿ ಬರೆಯಿರಿ. ಮುಂಗಡದ ಹೊಂದಾಣಿಕೆಗೂ ಗಡುವು ಇದೆ: ಕೇಂದ್ರದ ಸಾಮಾನ್ಯ ಹಣಕಾಸು ನಿಯಮ 2017ರ ಪ್ರಕಾರ ಸಾದಿಲ್ವಾರು (ಬಿಡಿ ಖರ್ಚಿನ) ಮುಂಗಡ ಪಡೆದ 15 ದಿನದೊಳಗೆ ಉಳಿಕೆ ಸಮೇತ ಲೆಕ್ಕ ಒಪ್ಪಿಸದಿದ್ದರೆ ಮುಂದಿನ ವೇತನದಿಂದ ವಸೂಲಿ ಮಾಡಬಹುದು. ನಿಮ್ಮ ವಿಶ್ವವಿದ್ಯಾಲಯದ ಗಡುವು ಮಂಜೂರಾತಿ ಆದೇಶದ ಕೆಳಭಾಗದಲ್ಲಿ ಇರುತ್ತದೆ. ಸಂಕಿರಣಕ್ಕೆ ತಿಂಗಳ ಮುಂಚೆ ಮುಂಗಡ ತೆಗೆಯುವುದೇ ಅನೇಕರನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಮುದ್ರಣ, ಊಟದಂಥ ದೊಡ್ಡ ಬಾಬ್ತುಗಳನ್ನು ವಿಶ್ವವಿದ್ಯಾಲಯದಿಂದಲೇ ನೇರ ಪಾವತಿ ಮಾಡಿಸಿ, ಚಿಲ್ಲರೆ ಖರ್ಚಿಗಷ್ಟೇ ಮುಂಗಡ ಪಡೆಯಿರಿ.

ಪ್ರಶ್ನೆ: ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ದೊಡ್ಡಾಟದ ದಾಖಲೀಕರಣ ಮಾಡುತ್ತಿದ್ದೇವೆ. ಮೇಳದ ಹತ್ತು ಕಲಾವಿದರಿಗೆ ತಲಾ 3,000 ರೂಪಾಯಿ ಕೊಡಬೇಕು. ಕೆಲವರಿಗೆ ಪ್ಯಾನ್ ಇಲ್ಲ, ಇಬ್ಬರಿಗೆ ಸಹಿ ಬರುವುದಿಲ್ಲ. ಮೇಳದ ಮುಖ್ಯಸ್ಥರಿಗೇ 30,000 ಒಟ್ಟಾಗಿ ಕೊಟ್ಟರೆ ಆಗದೇ?

ಉತ್ತರ: ಒಟ್ಟಾಗಿ ಕೊಡಬೇಡಿ ಸರ್. ಮೊದಲನೆಯದಾಗಿ ಅದು ಕಲಾವಿದರಿಗೆ ಒಳ್ಳೆಯದಲ್ಲ. ತಲುಪಿತೋ ಇಲ್ಲವೋ ಎಂಬುದಕ್ಕೆ ನಿಮ್ಮ ಬಳಿ ಆಧಾರವೇ ಉಳಿಯುವುದಿಲ್ಲ. ಎರಡನೆಯದಾಗಿ 30,000 ಒಬ್ಬರ ಆದಾಯವೆಂದು ದಾಖಲಾಗುತ್ತದೆ. ಹತ್ತು ಜನರ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ ಪಡೆದು ಅವರವರ ಖಾತೆಗೇ ಹಾಕಿಸಿ. ಖಾತೆ ಸ್ಥಗಿತವಾಗಿದ್ದರೆ ಹಣ ಮರಳುತ್ತದೆ, ಆದ್ದರಿಂದ ಚಾಲ್ತಿಯಲ್ಲಿದೆಯೇ ಎಂದು ಪ್ರದರ್ಶನಕ್ಕೆ ಮುಂಚೆಯೇ ವಿಚಾರಿಸಿ. ಆಧಾರ್ ಪ್ರತಿ ಕಡತಕ್ಕೆ ಸೇರಿಸಲೇಬೇಕಾದರೆ ಮೊದಲ ಎಂಟು ಅಂಕಿ ಮುಚ್ಚಿ.

ನಗದು ಅನಿವಾರ್ಯವಾದರೆ ಮುಂಚಿತ ಅನುಮತಿ ಪಡೆದು ಬಟವಾಡೆ ಪಟ್ಟಿ ಮಾಡಿ: ಹೆಸರು, ಊರು, ಪಾತ್ರ ಅಥವಾ ವಾದ್ಯ, ದಿನಾಂಕ, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ. ಸಹಿ ಬಾರದವರಿಂದ ಎಡಗೈ ಹೆಬ್ಬೆಟ್ಟಿನ ಗುರುತು ಪಡೆದು, ಪಕ್ಕದಲ್ಲೇ ಅವರ ಹೆಸರು ಬರೆದು, ಹಣ ಹಂಚದ ಇನ್ನೊಬ್ಬರಿಂದ ಸಾಕ್ಷಿ ಸಹಿ ಹಾಕಿಸಿ. ಮಸಿ ಹೆಚ್ಚಾದರೆ ಗೆರೆ ಕಲಸಿಹೋಗಿ ಗುರುತು ನಿಷ್ಪ್ರಯೋಜಕವಾಗುತ್ತದೆ. ಬೆರಳನ್ನು ಉಜ್ಜದೆ ಒಮ್ಮೆ ಮೆಲ್ಲಗೆ ಒತ್ತಿಸಿ. ಒಬ್ಬರಿಗೆ 5,000 ದಾಟಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಬೇಕು, ನಿಮ್ಮ 3,000ಕ್ಕೆ ಬೇಡ. ತೆರಿಗೆಯ ಭಯವೂ ಬೇಡ. ವೃತ್ತಿಪರ ಶುಲ್ಕದ ಮೇಲಿನ ಶೇ. 10 ಕಡಿತದ ಮಿತಿಯನ್ನು 2025ರ ಏಪ್ರಿಲ್‌ನಿಂದ ವರ್ಷಕ್ಕೆ 30,000ದಿಂದ 50,000ಕ್ಕೆ ಏರಿಸಲಾಗಿದೆ. ಅದನ್ನು ದಾಟುವವರಿಗೆ ಪ್ಯಾನ್ ಇರದಿದ್ದರೆ ಕಡಿತ ಶೇ. 20 ಆಗುತ್ತದೆ, ಅಂಥವರಿಗೆ ಪ್ಯಾನ್ ಮಾಡಿಸಿಕೊಡುವುದು ವಿಭಾಗವೇ ವಹಿಸಿಕೊಳ್ಳಬೇಕಾದ ಕೆಲಸ. ಹಣದ ರಸೀದಿ ಬೇರೆ, ಧ್ವನಿ ಮತ್ತು ವಿಡಿಯೊ ಬಳಸಲು ಒಪ್ಪಿಗೆ ಪತ್ರ ಬೇರೆ. ಒಂದೇ ಹಾಳೆಯಲ್ಲಿ ಎರಡನ್ನೂ ಬರೆಸಿಕೊಂಡರೆ ಕಲಾವಿದರಿಗೆ ತಾವು ಯಾವುದಕ್ಕೆ ಒತ್ತಿದೆವು ಎಂಬುದೇ ತಿಳಿಯುವುದಿಲ್ಲ.

ಪ್ರಶ್ನೆ: ನಮ್ಮ ಕನ್ನಡ ವಿಭಾಗದ ಗ್ರಂಥಾಲಯದಾಗ 6,000 ಪುಸ್ತಕ ಅದಾವ್ರಿ. ಈ ವರ್ಷ ಎಣಿಸಿದಾಗ 31 ಸಿಗಲಿಲ್ಲ. ನಾನು ಗುಮಾಸ್ತ. ನನ್ನ ಪಗಾರದಾಗ ಕಡಿತ ಮಾಡ್ತೀವಿ ಅನ್ನಾಕತ್ತಾರ. ಇದು ಸರಿ ಏನ್ರಿ?

ಉತ್ತರ: ವಿಚಾರಣೆ ಇಲ್ಲದೆ ಕಡಿತ ಸರಿಯಲ್ಲ. ಮೇಲೆ ಹೇಳಿದ ಕೇಂದ್ರದ ಸಾಮಾನ್ಯ ಹಣಕಾಸು ನಿಯಮದಲ್ಲಿ ಗ್ರಂಥಾಲಯಕ್ಕೆಂದೇ ಒಂದು ಅಳತೆ ಇದೆ: ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ತೆಗೆದ ಪ್ರತಿ 1,000 ಪುಸ್ತಕಕ್ಕೆ 5ರಂತೆ ಕಳೆದರೆ ಸಹಜ ನಷ್ಟ; ಅಪ್ರಾಮಾಣಿಕತೆ, ಅಲಕ್ಷ್ಯ ಕಾರಣವಾಗಿರಬಾರದು, ಅಷ್ಟೆ. 1,000 ರೂಪಾಯಿ ಮೀರಿದ ಪುಸ್ತಕ, ಬೆಲೆ ಎಷ್ಟೇ ಇರಲಿ ದುರ್ಲಭ ಪುಸ್ತಕ ಕಳೆದರೆ ಮಾತ್ರ ತನಿಖೆ ಆಗಲೇಬೇಕು. ನಿಮ್ಮಲ್ಲಿ ವರ್ಷಕ್ಕೆ 4,200 ಪುಸ್ತಕ ಓಡಾಡಿದ್ದರೆ 21ರವರೆಗೆ ಸಹಜ. ಓದುವ ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ದಿನವೂ ಎಣಿಸಿ ಬರೆದಿಡಿ, ಅವೂ ಈ ಲೆಕ್ಕಕ್ಕೆ ಸೇರುತ್ತವೆ. ಬರೆದಿಡದಿದ್ದರೆ ನಿಮ್ಮ ಪರವಾದ ಅಂಕಿ ಕೈತಪ್ಪುತ್ತದೆ.

ಈಗ ಮೊದಲು ಅಧ್ಯಾಪಕರ ಕೊಠಡಿಗಳನ್ನು ಹುಡುಕಿ, ಬೇಬಾಕಿ ಪತ್ರ (ಬಾಕಿ ಇಲ್ಲವೆಂಬ ಪತ್ರ) ಕೇಳಲು ಬಂದಿರುವ ಸಂಶೋಧನಾರ್ಥಿಗಳ ಎರವಲು ಕಾರ್ಡು ನೋಡಿ. ನಂತರವೂ ಸಿಗದವನ್ನು ಅಕ್ಸೆಷನ್ ಸಂಖ್ಯೆ (ಗ್ರಂಥಾಲಯದ ವಹಿಯಲ್ಲಿ ಪುಸ್ತಕಕ್ಕೆ ಕೊಟ್ಟ ಸಂಖ್ಯೆ) ಸಮೇತ ಪಟ್ಟಿ ಮಾಡಿ. 20,000ದವರೆಗಿನ ಸಂಗ್ರಹವನ್ನು ಪ್ರತಿ ವರ್ಷ ಪೂರ್ತಿ ಎಣಿಸಬೇಕೆಂದು ನಿಯಮ ಹೇಳುತ್ತದೆ. ಹಿಂದಿನ ವರ್ಷಗಳಲ್ಲಿ ಎಣಿಕೆಯೇ ಆಗಿರದಿದ್ದರೆ, ಎಣಿಸದೆಯೇ ನಿಮಗೆ ಪ್ರಭಾರ ವಹಿಸಿದ್ದರೆ, ಆ 31 ನಿಮ್ಮ ಅವಧಿಯಲ್ಲೇ ಹೋದವು ಎನ್ನಲು ಆಧಾರವಿಲ್ಲ. ಇದನ್ನು ಬಾಯಿಮಾತಿನಲ್ಲಿ ಹೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ರಾಜ್ಯ ವಿಶ್ವವಿದ್ಯಾಲಯಕ್ಕೆ ತನ್ನದೇ ಗ್ರಂಥಾಲಯ ನಿಯಮ ಇದ್ದರೆ ಅದು ಮೊದಲು ಅನ್ವಯಿಸುತ್ತದೆ. ಇಲ್ಲದಿದ್ದರೆ ಮೇಲಿನ ಅಳತೆಯನ್ನು ಮುಂದಿಟ್ಟು ವಾದಿಸಬಹುದು.

ಪ್ರಶ್ನೆ: ಗದಗ ಜಿಲ್ಲೆಯ ಶಾಸನಗಳ ಕುರಿತ ಕೇಂದ್ರ ಅನುದಾನದ ಯೋಜನೆ ಮುಗಿಯಿತು. ಖಾತೆಯಲ್ಲಿ 7,300 ರೂಪಾಯಿ ಬಡ್ಡಿ ಇದೆ. ಇದರಲ್ಲಿ ಪುಸ್ತಕ ಕೊಳ್ಳಬಹುದೇ?

ಉತ್ತರ: ಇಲ್ಲ. ಅನುದಾನದ ಬಡ್ಡಿ ಕೊಟ್ಟವರದು. ಲೆಕ್ಕ ಅಂತಿಮವಾದ ಕೂಡಲೇ ಮರಳಿಸಬೇಕು. ಬಳಕೆ ಪ್ರಮಾಣಪತ್ರವನ್ನು, ಅಂದರೆ ಸಾಮಾನ್ಯ ಹಣಕಾಸು ನಿಯಮದ ನಮೂನೆ 12-ಎಯನ್ನು, ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಕೊಡಬೇಕು. ಅದರಲ್ಲಿ ಬಡ್ಡಿಯನ್ನು ಪ್ರತ್ಯೇಕವಾಗಿ ತೋರಿಸಿ. ಆದೇಶ ಕೊಟ್ಟು ಇನ್ನೂ ಪಾವತಿಯಾಗದ ಮೊತ್ತವನ್ನು ಖರ್ಚಿನ ಅಂಕಣದಲ್ಲಿ ಬರೆಯಬೇಡಿ. ಬ್ಯಾಂಕ್ ವಿವರಣೆಯ ಉಳಿಕೆಗೂ ಪ್ರಮಾಣಪತ್ರಕ್ಕೂ ತಾಳೆಯಾಗದೆ ಕೊನೆಯ ಕಂತು ನಿಲ್ಲುವುದು ಬಹುಪಾಲು ಇಲ್ಲಿಯೇ. ಕ್ಯಾಮೆರಾ, ಸ್ಕ್ಯಾನರ್ ಯೋಜನೆಯ ಹಣದಲ್ಲಿ ಕೊಂಡಿದ್ದರೆ ದಾಸ್ತಾನು ವಹಿಯ ಪುಟಸಂಖ್ಯೆಯನ್ನೂ ನಮೂದಿಸಿ.